ಬೀರುವಿಗೆ ಸರಿಹೋದ ಪುಸ್ತಕಗಳು

ಜಗಳೂರು
೨ ಫೆಬ್ರವರಿ ೧೯೮೨

ಮುರುಗೇಶಪ್ಪ ಮೇಷ್ಟ್ರಿಗೆ,

ನಾನು ಹೊನ್ನಾಳಿಯ ಹೊಳೆದಂಡೆ ವಾಚನಾಲಯಕ್ಕೆ ದಾನ ಕೊಟ್ಟ ವೇಲ್ಸ್ ಕಥೆಗಳ ಒಂಬತ್ತು ಪುಸ್ತಕಗಳನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಕತ್ತರಿಸಿ ಹಾಕಿದ್ದಾರೆ. ವಾಚನಾಲಯದ ಕಾರ್ಯದರ್ಶಿ ನೀವು. ಆದ್ದರಿಂದ ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದು.

ಮೊನ್ನೆ ಶನಿವಾರ ಹಳೇ ವಿದ್ಯಾರ್ಥಿನಿಯೊಬ್ಬಳ ಮನೆಯ ಮದುವೆಗೆಂದು ಹೊನ್ನಾಳಿಗೆ ಬಂದಿದ್ದೆ. ನಿಮ್ಮ ಮನೆಗೆ ಬೀಗ ಹಾಕಿತ್ತು. ವಾಚನಾಲಯಕ್ಕೆ ಹೋದೆ. ಜವಾನ ಮೂಕಪ್ಪ ಹೊಸ ಬೀರುವಿನ ಗಾಜಿನ ಬಾಗಿಲು ತೆಗೆದು ಧೂಳು ಹೊಡೆಯುತ್ತಿದ್ದ. ಕಳೆದ ನವೆಂಬರಿನಲ್ಲಿ ಬೀರುವಿನ ಉದ್ಘಾಟನೆಯ ದಿನ ಒಂಬತ್ತೂ ಪುಸ್ತಕಗಳಿಗೆ ರೇಷ್ಮೆ ಬಟ್ಟೆ ಸುತ್ತಿ, ವಿಭೂತಿ ಹಚ್ಚಿ ಇಟ್ಟಿದ್ದಿರಿ. ಗೌರವ ಎಂದುಕೊಂಡಿದ್ದೆ. ಬೇಟೆಯ ಚಿತ್ರಗಳಿರುವ ಎತ್ತರದ ಪುಸ್ತಕವನ್ನು ಕೈಗೆ ತೆಗೆದುಕೊಂಡೆ. ಎತ್ತಿದ ಕೂಡಲೇ ತೂಕ ಕಡಿಮೆ ಅನ್ನಿಸಿತು.

"ಈಗ ಎಷ್ಟು ನೀಟಾಗೈತೆ ನೋಡ್ರಿ ಟೀಚರ್," ಅಂದ ಮೂಕಪ್ಪ. "ಮೊದ್ಲು ಅಂಚೆಲ್ಲ ಇಲಿ ಕಡಿದಂಗಿತ್ತು. ಈಗ ಸೋಪಿನ ಬಿಲ್ಲೆ ಆಗೈತೆ."

ಪುಟ ತೆಗೆದೆ. ಬಿಳಿ ಬೇಟೆನಾಯಿಗಳು ಇವೆ. ಕುದುರೆ ಇದೆ. ಸವಾರನಿಗೆ ತಲೆ ಇಲ್ಲ.

ಈ ಪತ್ರವನ್ನು ನೀವು ಸಮಿತಿಯ ಸಭೆಯಲ್ಲಿ ಓದಬೇಕು. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ವೇಲ್ಸ್ ಎಂಬುದು ಇಂಗ್ಲೆಂಡಿನ ಮಗ್ಗುಲಿಗಿರುವ ಗುಡ್ಡಗಾಡು ನಾಡು. ಏಳೆಂಟು ನೂರು ವರ್ಷಗಳ ಹಿಂದಿನಿಂದ ಅಲ್ಲಿನ ಜನ ಹೇಳಿಕೊಂಡು ಬಂದ ಕಥೆಗಳು ಇವು. ಈ ಶತಮಾನದಲ್ಲಿ ಕೆಲವು ಸಣ್ಣ ಮುದ್ರಣಾಲಯದವರು ಒಂದೊಂದೇ ಅಚ್ಚುಮೊಳೆ ಜೋಡಿಸಿ, ಮರದ ತುಂಡಿನಲ್ಲಿ ಚಿತ್ರ ಕೊರೆದು, ಕೈಯಿಂದ ಮಾಡಿದ ಕಾಗದದ ಮೇಲೆ ಇನ್ನೂರೋ ಮುನ್ನೂರೋ ಪ್ರತಿ ಮಾತ್ರ ಅಚ್ಚು ಹಾಕಿದರು. ಆ ಕಾಗದದ ಅಂಚು ಒರಟಾಗಿಯೇ ಇರುತ್ತದೆ. ಅದು ಇಲಿ ಕಡಿದದ್ದಲ್ಲ, ಕಾಗದ ಮಾಡಿದ ಕೈಯ ಗುರುತು. ಸುತ್ತ ಬಿಟ್ಟ ಬಿಳಿ ಜಾಗ ಪೋಲಾದ ಜಾಗವೂ ಅಲ್ಲ. ಕೊರೆದ ಬಳ್ಳಿ, ಹಕ್ಕಿ, ಮರಗಳು ಆ ಬಿಳಿಯೊಳಗೆ ಅಂಚಿನವರೆಗೂ ಹೋಗುತ್ತವೆ. ಹೋಗುತ್ತಿದ್ದವು.

ಇದು ಯಾರ ಅಪ್ಪಣೆ? ತಿಳಿಸಿ.

ಸಿದ್ದಲಿಂಗಮ್ಮ


ಹೊನ್ನಾಳಿ
೧೯ ಫೆಬ್ರವರಿ ೧೯೮೨

ಸಿದ್ದಲಿಂಗಮ್ಮ ಟೀಚರ್ ಅವರಿಗೆ ಶರಣು.

ತಮ್ಮ ಪತ್ರವನ್ನು ಸಮಿತಿಯ ಮುಂದೆ ಇಡಲಾಯಿತು. ಎಲ್ಲರೂ ವಿಷಾದಿಸಿದರು.

ನಮ್ಮ ಅಧ್ಯಕ್ಷರು, ಚನ್ನಗಿರಿಯ ಅಡಿಕೆ ಮಂಡಿಯ ನಾಗರಾಜಪ್ಪನವರು, ತಮ್ಮ ತಂದೆಯ ನೆನಪಿಗೆ ಸಾಗುವಾನಿ ಬೀರು ಮಾಡಿಸಿದ್ದು ತಮ್ಮ ಪುಸ್ತಕಗಳಿಗಾಗಿಯೇ. ಬೀರು ಬಂದಿಳಿದ ಮೇಲೆ ಪುಸ್ತಕಗಳು ಎರಡು ಬೆರಳು ಎತ್ತರ, ಒಂದು ಬೆರಳು ಅಗಲ ಹೆಚ್ಚಾಗಿರುವುದು ಕಂಡುಬಂತು. ಮಲಗಿಸಿದರೆ ಬಾಗಿಲು ಮುಚ್ಚಲಿಲ್ಲ. ಹಲಗೆ ಬಿಚ್ಚಿದರೆ ಮುಂಭಾಗದಲ್ಲಿ ಕೆತ್ತಿಸಿದ್ದ ಅವರ ತಂದೆಯ ಹೆಸರು ಸೀಳುತ್ತಿತ್ತು. ಆಮಂತ್ರಣ ಪತ್ರಿಕೆ ಹಂಚಿ ಆಗಿತ್ತು. ಹೀಗಾಗಿ ನ್ಯಾಮತಿಯ ಬೈಂಡರ್ ಸಣ್ಣಪ್ಪನವರಲ್ಲಿ ಪುಸ್ತಕಗಳನ್ನು ಅಳತೆಗೆ ಸರಿಪಡಿಸಲಾಯಿತು.

ಕಥೆಯ ಒಂದು ಅಕ್ಷರವೂ ಹೋಗಿಲ್ಲವೆಂದು ತಮ್ಮ ಗಮನಕ್ಕೆ ತರುತ್ತೇನೆ. ಮುಂದಿನ ಸಮಾರಂಭದಲ್ಲಿ ತಮಗೆ ಶಾಲು ಹೊದಿಸಿ ಸನ್ಮಾನಿಸಬೇಕೆಂದು ಸಮಿತಿ ತೀರ್ಮಾನಿಸಿದೆ.

ನೆಗಡಿ ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ತಮ್ಮ
ಮುರುಗೇಶಪ್ಪ


ಜಗಳೂರು
೧ ಮಾರ್ಚ್ ೧೯೮೨

ಮೇಷ್ಟ್ರೆ,

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಿರಿ. ಕುಲಾವಿ ಚಿಕ್ಕದಾಯಿತೆಂದು ಕೂಸಿನ ತಲೆ ಹೆರೆದಿರಿ. ಈಗ ಕೂಸಿನ ತಾಯಿಗೆ ಶಾಲು ಹೊದಿಸುತ್ತೀರಿ.

ಇಡಲಾಯಿತು, ಕಂಡುಬಂತು, ಸರಿಪಡಿಸಲಾಯಿತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು ನೀವು. ಹುಡುಗರು ಹೀಗೆ ಬರೆದರೆ "ಮಾಡ್ದೋನು ಯಾರಲೇ, ದೆವ್ವನಾ?" ಎಂದು ಕಿವಿ ಹಿಂಡುತ್ತಿದ್ದಿರಿ. ನಾನು ಪಕ್ಕದ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ನಿಲ್ಲಿಸಿ ಕೇಳಿ ನಗುತ್ತಿದ್ದೆ. ಈಗ ನಾನು ಕೇಳುತ್ತೇನೆ. ಮಾಡಿದವರು ಯಾರು?

ಆ ಪುಸ್ತಕಗಳು ಹೇಗೆ ಬಂದವು ಎಂಬುದು ಸಮಿತಿಗೆ ಗೊತ್ತಿಲ್ಲದಿರಬಹುದು. ಬೆಂಗಳೂರಿನ ಟ್ರೈನಿಂಗ್ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಮಿಸ್ ಪ್ರೈಸ್ ವೇಲ್ಸಿನವರು. ತಮ್ಮ ಊರಿಗೆ ಹಿಂತಿರುಗುವಾಗ ಮೊದಲ ಪುಸ್ತಕ ಅವರು ಕೊಟ್ಟದ್ದು. ಅಲ್ಲಿಂದ ಚಟ ಹತ್ತಿತು. ಅವರೇ ವಿಳಾಸ ಕೊಟ್ಟ ಕಾರ್ಡಿಫಿನ ಹಳೇ ಪುಸ್ತಕದ ಅಂಗಡಿಯ ಮುದುಕರೊಬ್ಬರಿಗೆ ಕಾಗದ ಬರೆಯುವುದು, ಬ್ಯಾಂಕಿನಲ್ಲಿ ಪರದೇಶದ ಹಣಕ್ಕೆ ಅರ್ಜಿ ಹಾಕುವುದು, ಹಡಗಿನ ಟಪಾಲಿಗೆ ಕಾಯುವುದು. ಎರಡು ಮೂರು ವರ್ಷಕ್ಕೊಂದು ಪುಸ್ತಕ ಬರುತ್ತಿತ್ತು. ಉಳಿದ ಟೀಚರುಗಳು ಬಂಗಾರ ಮಾಡಿಸಿದರು. ನನ್ನ ತಂಗಿ ಕೊಟ್ರಮ್ಮ ಈಗಲೂ ಅನ್ನುತ್ತಾಳೆ: "ಬಳೆ ಮಾಡ್ಸಿದ್ರೆ ಕೈಯಾಗಾದ್ರೂ ಇರ್ತಿದ್ವಲ್ಲಕ್ಕ. ಯಾರೂ ಕತ್ತರಿಸ್ತಿರ್ಲಿಲ್ಲ."

ಬೇಟೆಯ ಪುಸ್ತಕ ದಾವಣಗೆರೆ ಪೋಸ್ಟಾಫೀಸಿನಲ್ಲಿ ಸುಂಕಕ್ಕೆ ಸಿಕ್ಕಿಬಿದ್ದಾಗ ಬಿಡಿಸಿ ತಂದವರು ನೀವು. ದಾರಿಯಲ್ಲಿ ಮಳೆ ಹಿಡಿಯಿತೆಂದು ನಿಮ್ಮ ಕೋಟನ್ನು ಅದಕ್ಕೆ ಹೊದಿಸಿ, ನೀವು ತೊಟ್ಟಿಕ್ಕುತ್ತಾ ನಮ್ಮ ಬಾಗಿಲಿಗೆ ಬಂದಿರಿ. "ಕೂಸು ಒಣಗೈತೆ, ತಗಳ್ರಿ" ಅಂದಿರಿ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಪುಸ್ತಕ ತೋರಿಸುವಾಗ ಪ್ರತಿಯೊಬ್ಬರ ಕೈ ತೊಳೆಸಿ, ಉಗುರು ನೋಡಿ ಒಳಗೆ ಬಿಡುತ್ತಿದ್ದವರೂ ನೀವೇ. ನಾನು ಕಥೆ ಹೇಳುವಾಗ ನನಗೆ ಕನ್ನಡ ಮಾತು ತಡವರಿಸಿದರೆ ಹಿಂದಿನಿಂದ ಎತ್ತಿಕೊಡುತ್ತಿದ್ದಿರಿ.

ನಿವೃತ್ತಳಾಗಿ ತಂಗಿಯ ಜೊತೆ ಇರಲು ಬಂದ ಈ ಜಗಳೂರಿನ ಮನೆಯ ಗೋಡೆಗೆ ಗೆದ್ದಲು. ಅದಕ್ಕೇ ಪುಸ್ತಕಗಳನ್ನು ಅಲ್ಲಿ ಬಿಟ್ಟು ಬಂದೆ. ಗೆದ್ದಲು ಕೂಡ ಬೀರುವಿನ ಅಳತೆ ನೋಡಿ ತಿನ್ನುವುದಿಲ್ಲ.

ಕತ್ತರಿಸಿದ ತುಂಡುಗಳನ್ನು ಕಳಿಸಿ. ಚೀಲದಲ್ಲಿ ತುಂಬಿ, ಹೇಗಿದ್ದರೂ ಸರಿ. ನಾನು ಕೂತು ಜೋಡಿಸುತ್ತೇನೆ. ನನಗೆ ಬೇರೆ ಕೆಲಸವಿಲ್ಲ.

ಸಿದ್ದಲಿಂಗಮ್ಮ


ಹೊನ್ನಾಳಿ
೩೦ ಮಾರ್ಚ್ ೧೯೮೨

ಟೀಚರ್ ಅವರಿಗೆ ಶರಣು.

ತುಂಡುಗಳು ಈಗ ಇಲ್ಲ. ಕಾಗದ ಬಹಳ ಗಟ್ಟಿ ಇದ್ದುದರಿಂದ ಎಸೆಯಲು ಮನಸ್ಸು ಬರಲಿಲ್ಲ. ಶಾಲೆಯ ಹೆಣ್ಣುಮಕ್ಕಳು ಅವಕ್ಕೆ ಬಣ್ಣ ಹಾಕಿ, ಕೊಂಡಿ ಕೊಂಡಿಯಾಗಿ ಅಂಟಿಸಿ ಸರ ಮಾಡಿದರು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಕಟ್ಟಿದ್ದು ಅದೇ. ತಾವೂ ತಮ್ಮ ಭಾಷಣದಲ್ಲಿ ಮಕ್ಕಳ ಕೈಕೆಲಸವನ್ನು ಮೆಚ್ಚಿ ಮಾತಾಡಿದ್ದಿರಿ. ಆಮೇಲೆ ಗುಡಿಸಿ ಹಾಕಿದರು.

ತಾವು ಕಳೆದ ಆಗಸ್ಟಿನಲ್ಲಿ ನನಗೆ ಬರೆದ ಪತ್ರದಲ್ಲಿ "ಪುಸ್ತಕಗಳನ್ನು ನಿಮಗೆ ಸರಿ ಕಂಡಂತೆ ಇಡಿ" ಎಂದಿದೆ. ಅಧ್ಯಕ್ಷರು ಅದನ್ನೇ ಒಪ್ಪಿಗೆ ಎಂದು ತಿಳಿದಿದ್ದಾರೆ. ನಾನು ಅದನ್ನು ಅವರಿಗೆ ತೋರಿಸಬಾರದಿತ್ತೋ ಏನೋ.

ಬಿಸಿಲು ಹೆಚ್ಚು. ಓಡಾಟ ಕಡಿಮೆ ಮಾಡಿ.

ಮುರುಗೇಶಪ್ಪ


ಜಗಳೂರು
೧೭ ಮೇ ೧೯೮೨

ಮೇಷ್ಟ್ರೆ,

ನಿಮ್ಮ ಕಾಗದ ಓದಿ ಬಹಳ ದಿನ ಬರೆಯಲಾಗಲಿಲ್ಲ. ನಾನು ಆ ಸರದ ಕೆಳಗೆ ಕೂತಿದ್ದೆ. ಹಸಿರು, ಕೆಂಪು, ಹಳದಿ. ತಲೆ ಎತ್ತಿ ನೋಡಿ, ನಮ್ಮ ಮಕ್ಕಳಿಗೆ ಎಂಥ ಜಾಣ ಬೆರಳು ಎಂದು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನೀವು ನನ್ನ ಪಕ್ಕದ ಕುರ್ಚಿಯಲ್ಲಿದ್ದಿರಿ. ಚಪ್ಪಾಳೆ ತಟ್ಟಿದಿರೋ ಇಲ್ಲವೋ ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ, ಅದೊಂದು ಇಲ್ಲ.

"ನಿಮಗೆ ಸರಿ ಕಂಡಂತೆ" ಎಂದು ಬರೆದದ್ದು ನಿಜ. ನಿಮಗೆ ಬರೆದೆ, ಅಧ್ಯಕ್ಷರಿಗಲ್ಲ. ಇನ್ನೊಬ್ಬರಿಗಾದರೆ ಹತ್ತು ಷರತ್ತು ಹಾಕುತ್ತಿದ್ದೆ.

ಕಳೆದ ವಾರ ನ್ಯಾಮತಿಗೆ ಹೋಗಿ ಬಂದೆ. ಕೊಟ್ರಮ್ಮ ಬೈದಳು: "ಸುಡುಬಿಸಿಲಾಗೆ ಎಲ್ಲಿಗೆ ಹೊಂಟಿಯೇ? ಕತ್ತರಿಸಿದ್ದು ಮತ್ತೆ ಬೆಳೀತೈತಾ, ಅದೇನು ಕೂದ್ಲಾ?" ಎರಡು ಬಸ್ಸು ಬದಲಾಯಿಸಿ ಹೋದೆ. ಸಣ್ಣಪ್ಪ ಸಂತೆ ರಸ್ತೆಯಲ್ಲೇ ಅಂಗಡಿ ಇಟ್ಟುಕೊಂಡಿದ್ದಾರೆ. ಜಗಳಕ್ಕೆಂದೇ ಹೋಗಿದ್ದೆ. ಆತ ಸ್ಟೂಲು ಒರೆಸಿ ಕೂರಿಸಿ, ಸೋಡಾ ತರಿಸಿದರು.

"ನಿಮ್ಮ ಪುಸ್ತಕ ಅಂದ್ರೆ ನಾನು ದಿನಾ ಮಾಡೋ ಕೆಲ್ಸ ಅಲ್ರೀ ತಾಯಿ. ಕತ್ತರಿಸೋ ಕೂರ್ಪು ಮಸೆದು ಇಟ್ಕಂಡಿದ್ದೆ. ಒಂದು ಎಳೆ ಏಳಲಿಲ್ಲ ನೋಡ್ರಿ," ಎಂದರು.

"ಚಿತ್ರದ ತಲೆ ಹೋಯ್ತಲ್ಲ ಸಣ್ಣಪ್ಪ, ಕಾಣಲಿಲ್ವಾ?"

"ಕಂಡ್ತು. ಕಾಣದಂಗೆ ಕತ್ತರಿಸಾಕೆ ಆಗ್ತೈತಾ? ಆದ್ರೆ ಗೆರೆ ನಂದಲ್ಲ. ಮೇಷ್ಟ್ರು ಪೆನ್ಸಿಲ್ ತಗಂಡು ತಾವೇ ಗೆರೆ ಎಳೆದು ಕೊಟ್ರು. ನಾನು ಗೆರೆ ಮೇಲೆ ಕೂರ್ಪು ಬಿಟ್ಟೆ."

"ಯಾವ ಮೇಷ್ಟ್ರು?"

"ಅದ್ಯಾವ ಮಾತ್ರೀ? ನಿಮ್ಮ ಮುರುಗೇಶಪ್ಪ ಮೇಷ್ಟ್ರು. ಭಾಳ ಶಿಸ್ತು ಅವ್ರದ್ದು. ಒಂದೊಂದು ಪುಸ್ತಕ ಮುಟ್ಟೋ ಮುಂಚೆನೂ ಎದ್ದು ಹೋಗಿ ಕೈ ತೊಳ್ಕಂಡು ಬರ್ತಿದ್ರು. ನನ್ನ ಕೈನೂ ತೊಳೆಸಿದ್ರು."

ನಾನು ಸೋಡಾ ಹಾಗೇ ಬಿಟ್ಟು ಎದ್ದೆ. ಆತ ನೊಂದುಕೊಂಡರು.

ನನಗೆ ಗೊತ್ತಾಯಿತು ಎಂದು ತಿಳಿಸಲಷ್ಟೇ ಬರೆದಿದ್ದೇನೆ. ನಿಮ್ಮ ಬಾಯಿಂದ ಕೇಳುವುದು ಬಾಕಿ ಇದೆ.

ಸಿದ್ದಲಿಂಗಮ್ಮ


ಚನ್ನಗಿರಿ
೯ ಜೂನ್ ೧೯೮೨

ಮಾನ್ಯ ಸಿದ್ದಲಿಂಗಮ್ಮ ತಾಯಿಯವರಿಗೆ ಅಧ್ಯಕ್ಷ ನಾಗರಾಜಪ್ಪನ ನಮಸ್ಕಾರಗಳು.

ಪುಸ್ತಕಗಳನ್ನು ವಾಪಸು ಕೊಡಿ ಎಂದು ತಾವು ನನಗೆ ಬರೆದ ಪತ್ರ ಬಂದಿದೆ. ಸಭೆಯಲ್ಲಿ ಇಟ್ಟೆ. ಕೊಟ್ಟ ದಾನ ಹಿಂದಕ್ಕೆ ಕೊಡುವ ಪದ್ಧತಿ ನಮ್ಮ ವಾಚನಾಲಯದಲ್ಲಿ ಇಲ್ಲ. ಇವತ್ತು ತಮಗೆ ಕೊಟ್ಟರೆ ನಾಳೆ ಗಡಿಯಾರ ಕೊಟ್ಟವರು ಗಡಿಯಾರ ಕೇಳುತ್ತಾರೆ.

ನಾನು ಓದಿದವನಲ್ಲ, ನೇರ ಹೇಳುತ್ತೇನೆ. ನಮ್ಮಪ್ಪ ಹೆಬ್ಬೆಟ್ಟಿನ ಮನುಷ್ಯ. ಸಾಯೋ ಮುಂಚೆ "ಪುಸ್ತಕಕ್ಕೆ ಒಂದು ಜಾಗ ಮಾಡ್ಸೋ ನಾಗ" ಅಂದಿದ್ದ. ಅದಕ್ಕೆ ಬೀರು ಮಾಡಿಸಿದೆ. ಅಳತೆ ಕೇಳಬೇಕಿತ್ತು. ಪುಸ್ತಕ ಅಂದರೆ ಎಲ್ಲಾ ಒಂದೇ ಎತ್ತರ ಎಂದುಕೊಂಡಿದ್ದೆ, ಅದು ನನ್ನ ದಡ್ಡತನ. ಆದರೆ ಬೀರು ಹಿಂದಕ್ಕೆ ಕಳಿಸಿ ಎಂದು ಒಬ್ಬರಾದರೂ ನನ್ನ ಮುಂದೆ ನಿಂತು ಹೇಳಲಿಲ್ಲ. ಮೇಷ್ಟ್ರು "ಏನಾದ್ರೂ ಮಾಡಾಣ, ನಿಮ್ಮ ತಂದೆ ಹೆಸರು ಒಡೆಯೋದು ಬ್ಯಾಡ" ಅಂದರು. ನಾನು ಅವರ ಮಾತಿಗೆ ಬಿಟ್ಟೆ.

ಆ ಪುಸ್ತಕ ಓದುವವರು ಹೊನ್ನಾಳಿಯಲ್ಲಿ ತಮ್ಮನ್ನು ಬಿಟ್ಟರೆ ಯಾರಿದ್ದಾರೆ? ಹೀಗಾದರೂ ಜನ ಗಾಜಿನ ಆಚೆಯಿಂದ ನೋಡಿ ಕೈ ಮುಗಿಯುತ್ತಾರೆ. ಬೀಗದ ಕೈ ಈಗ ನನ್ನ ಹತ್ತಿರ ಭದ್ರವಾಗಿದೆ. ಮುಂದೆ ಯಾರೂ ಮುಟ್ಟುವುದಿಲ್ಲ.

ಇಂತಿ ವಿನಯಪೂರ್ವಕ,
ನಾಗರಾಜಪ್ಪ


ಜಗಳೂರು
೨೧ ಆಗಸ್ಟ್ ೧೯೮೨

ಮೇಷ್ಟ್ರೆ,

ಮೇ ತಿಂಗಳ ಕಾಗದಕ್ಕೆ ಉತ್ತರವಿಲ್ಲ. ಜುಲೈನಲ್ಲಿ ಬರೆದದ್ದಕ್ಕೂ ಇಲ್ಲ. ಟಪಾಲಿನವನು ಬಂದರೆ ಕೊಟ್ರಮ್ಮನೇ ಮೊದಲು ಹೊರಗೆ ಹೋಗುತ್ತಾಳೆ. ಇಲ್ಲ ಎಂದು ಬಾಯಲ್ಲಿ ಹೇಳುವುದಿಲ್ಲ, ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗುತ್ತಾಳೆ.

ಪುಸ್ತಕಗಳ ಆಸೆ ಬಿಟ್ಟೆ. ಬೇರೆ ಪ್ರತಿ ಸಿಗುತ್ತದೆಯೇ ಎಂದು ಕಾರ್ಡಿಫಿಗೆ ಬರೆದಿದ್ದೆ. ಆ ಮುದುಕರು ತೀರಿಕೊಂಡಿದ್ದಾರೆ, ಅಂಗಡಿ ಇಲ್ಲ ಎಂದು ಅವರ ಮಗಳು ಬರೆದಿದ್ದಾಳೆ. ಆ ಚಿತ್ರ ಕೊರೆದ ಮರದ ತುಂಡುಗಳನ್ನು ಅಚ್ಚು ಮುಗಿದ ಮೇಲೆ ಗೀರಿ ಕೆಡಿಸುವುದು ಅಲ್ಲಿನ ರೂಢಿಯಂತೆ. ಮತ್ತೊಮ್ಮೆ ಅಚ್ಚಾಗಬಾರದೆಂದು. ಅಲ್ಲಿಗೆ ಅದು ಮುಗಿಯಿತು.

ನಿಮ್ಮನ್ನು ಕೇಳುವುದು ಒಂದೇ. "ನಾನೇ ಗೆರೆ ಎಳೆದೆ" ಎಂದು ಒಂದು ಕಾರ್ಡು ಬರೆಯಿರಿ. ಕಾರಣ ಬೇಡ, ಕ್ಷಮೆ ಬೇಡ. ಓದಿ ಒಲೆಗೆ ಹಾಕುತ್ತೇನೆ, ಕೊಟ್ರಮ್ಮನಿಗೂ ಹೇಳುವುದಿಲ್ಲ. ಅಧ್ಯಕ್ಷರ ಮುಂದೆ ನಿಮಗೆ ಇಲ್ಲ ಎನ್ನಲಾಗಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಇಪ್ಪತ್ತೈದು ವರ್ಷ ನೋಡಿದ್ದೇನೆ, ನಿಮಗೆ ಯಾರ ಮುಂದೆಯೂ ಇಲ್ಲ ಎನ್ನಲು ಬರುವುದಿಲ್ಲ. ಹೂಂ ಎನ್ನಲೂ ಬರುವುದಿಲ್ಲ.

ನೀವು ಬರೆಯದಿದ್ದರೆ ಆ ಶನಿವಾರಗಳನ್ನು ನಾನು ಹೇಗೆ ನೆನೆಯಲಿ? ಕೈ ತೊಳೆಸುತ್ತಿದ್ದವರು ಯಾರು ಎಂದುಕೊಳ್ಳಲಿ?

ಸಿದ್ದಲಿಂಗಮ್ಮ


ಹೊನ್ನಾಳಿ
೧೨ ಅಕ್ಟೋಬರ್ ೧೯೮೨

ಟೀಚರ್,

ಉತ್ತರ ತಡವಾಯಿತು. ಹೊಳೆ ಈ ಸಲ ಮಂಟಪದ ಮೆಟ್ಟಿಲಿನವರೆಗೆ ಬಂದು ಇಳಿಯಿತು. ಕಣ್ಣಿಗೆ ಪೊರೆ ಬಂದಿದೆ, ಶಿವಮೊಗ್ಗದಲ್ಲಿ ತೋರಿಸಿದೆ.

ಶನಿವಾರ ಮಧ್ಯಾಹ್ನ ವಾಚನಾಲಯಕ್ಕೆ ಹೋಗಿ ಕೂರುತ್ತೇನೆ. ಬೀಗದ ಕೈ ಚನ್ನಗಿರಿಯಲ್ಲಿ ಇರುವುದರಿಂದ ಗಾಜಿನ ಈಚೆಯಿಂದಲೇ ನೋಡುವುದು. ಮೂಕಪ್ಪ "ಏನ್ ನೋಡ್ತೀರಿ ಮೇಷ್ಟ್ರೇ, ಅವೇನು ಓಡಿ ಹೋಗ್ತಾವಾ?" ಎಂದು ನಗುತ್ತಾನೆ.

ತಾವು ಕೇಳಿದ್ದನ್ನು ಬರೆಯಲು ಕೂತೆ. ಎರಡು ಮೂರು ಇನ್‌ಲ್ಯಾಂಡ್ ಲೆಟರುಗಳು ಹಾಳಾದವು.

ವಾಚನಾಲಯದ ಸ್ಮರಣ ಸಂಚಿಕೆ ಈ ನವೆಂಬರಿಗೆ ಬರುತ್ತದೆ. ಕಾರ್ಯದರ್ಶಿಯ ವರದಿ ಬರೆದು ಅಧ್ಯಕ್ಷರಿಗೆ ಒಪ್ಪಿಸಿದ್ದೇನೆ. ಅವರು ಒಂದೆರಡು ಕಡೆ ತಿದ್ದಿಸಿದರು.

ಚಳಿ ಶುರುವಾಗುತ್ತದೆ. ಮಂಡಿನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡಿ.

ಮುರುಗೇಶಪ್ಪ


ಜಗಳೂರು
೧೫ ನವೆಂಬರ್ ೧೯೮೨

ಹೊನ್ನಾಳಿಯ ನಾಗರಿಕರಿಗೆ ಬಹಿರಂಗ ಪತ್ರ. ಹೊಳೆದಂಡೆ ವಾಚನಾಲಯದ ನೋಟೀಸು ಹಲಗೆಯ ಮೇಲೆ ಅಂಟಿಸಲು ಒಂದು ಪ್ರತಿ, ಸಮಿತಿಗೆ ಒಂದು ಪ್ರತಿ.

ನಾನು ನಿಮ್ಮೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ನಿಮ್ಮಲ್ಲಿ ಹಲವರ ಕಿವಿ ಹಿಂಡಿದ್ದೇನೆ. ನಾನು ವಾಚನಾಲಯಕ್ಕೆ ಕೊಟ್ಟ ಒಂಬತ್ತು ಚಿತ್ರದ ಪುಸ್ತಕಗಳನ್ನು ಕಳೆದ ವರ್ಷ ಬೀರುವಿನ ಅಳತೆಗೆ ಕತ್ತರಿಸಿದರು. ಅದು ನಿಮಗೆ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಬೀರುವಿಗೆ ಬೀಗ ಹಾಕಿದೆ. ಬಾಗಿಲು ತೆಗೆಸಿ, ಬೇಟೆಯ ಪುಸ್ತಕ ಬಿಡಿಸಿ ನೋಡಿ. ಚಿಕ್ಕವರಿದ್ದಾಗ ನೀವು ಕೈ ತೊಳೆದುಕೊಂಡು ನೋಡಿದ ಚಿತ್ರಗಳೇ ಅವು. ಏನು ಉಳಿದಿದೆ, ಏನು ಇಲ್ಲ ಎಂದು ನೀವೇ ಹೇಳಬಲ್ಲಿರಿ.

ಈ ಅನ್ಯಾಯವನ್ನು ನುಂಗಿಕೊಂಡಿದ್ದೆ. ನಿನ್ನೆ ಸ್ಮರಣ ಸಂಚಿಕೆ ಕೈಗೆ ಬಂತು. ಕಾರ್ಯದರ್ಶಿಯ ವರದಿಯಲ್ಲಿ ಹೀಗೆ ಅಚ್ಚಾಗಿದೆ: "ಮೇಲ್ಕಂಡ ಪುಸ್ತಕಗಳನ್ನು ದಾನಿಗಳ ಒಪ್ಪಿಗೆ ಪಡೆದು, ಅವರ ಇಚ್ಛೆಯಂತೆ ಬೈಂಡ್ ಮಾಡಿಸಲಾಯಿತು." ಕೆಳಗೆ ಸಹಿ ಇದೆ. ಆ ಸಹಿಯ ಅಕ್ಷರ ನನಗೆ ಚೆನ್ನಾಗಿ ಪರಿಚಯ.

ನಾನು ಒಪ್ಪಲಿಲ್ಲ. ಇಚ್ಛಿಸಲಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ. ಇನ್ನು ನಾನು ಸತ್ತ ಮೇಲೆ ಈ ಊರಿನವರು ಆ ಸಂಚಿಕೆ ತೆಗೆದು, ಈ ಹೆಂಗಸು ತಾನು ಕೂಡಿಟ್ಟ ಪುಸ್ತಕಗಳನ್ನು ತಾನೇ ಕತ್ತರಿಸಿಕೊಂಡಳು ಎಂದು ಓದುತ್ತಾರೆ. ನನಗೆ ಕೋರ್ಟು ಕಚೇರಿ ಗೊತ್ತಿಲ್ಲ. ವಯಸ್ಸಾಗಿದೆ. ಪುಸ್ತಕಗಳು ನನ್ನವಲ್ಲ ಎನ್ನುತ್ತಾರೆ. ಬೀಗದ ಕೈ ಇನ್ನೊಂದು ಊರಿನಲ್ಲಿದೆ. ನನ್ನ ಹತ್ತಿರ ಎರಡು ಪ್ರಶ್ನೆ ಬಿಟ್ಟರೆ ಏನೂ ಉಳಿದಿಲ್ಲ.

ಇದೇ ಇಪ್ಪತ್ತನೇ ತಾರೀಖು ಶನಿವಾರ ಸಂಜೆ ಗ್ರಂಥಾಲಯ ಸಪ್ತಾಹದ ಸಮಾರೋಪವಿದೆ ಎಂದು ಆಮಂತ್ರಣ ಬಂದಿದೆ. ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಕೆಳಗೆ, ಜನರ ನಡುವೆ ಕೂರುತ್ತೇನೆ. ಶಾಲು ತಂದಿದ್ದರೆ ಬೇರೆ ಯಾರಿಗಾದರೂ ಹೊದಿಸಿ. ಕಾರ್ಯದರ್ಶಿಗಳು ವರದಿ ಓದಲು ಎದ್ದು ನಿಂತಾಗ, ಓದುವ ಮುಂಚೆ, ಊರಿನ ಮುಂದೆ ಎರಡು ಮಾತಿಗೆ ಉತ್ತರ ಕೊಡಬೇಕು. ಪುಸ್ತಕಗಳ ಮೇಲೆ ಗೆರೆ ಎಳೆದವರು ಯಾರು? ಸಿದ್ದಲಿಂಗಮ್ಮ ಒಪ್ಪಿದಳು ಎಂದು ಬರೆದವರು ಯಾರು?

ನನಗೆ ಗೊತ್ತಿರುವ ಹೆಸರನ್ನು ನಾನು ಈ ಪತ್ರದಲ್ಲಿ ಬರೆದಿಲ್ಲ. ಸಭೆಯಲ್ಲೂ ನನ್ನ ಬಾಯಿಂದ ಅದು ಬರುವುದಿಲ್ಲ. ಆ ಹೆಸರಿನವರೇ ಅದನ್ನು ಹೇಳಬೇಕು, ಮೈಕಿನಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ.

ಸಿದ್ದಲಿಂಗಮ್ಮ
ನಿವೃತ್ತ ಸಹಶಿಕ್ಷಕಿ